‘ನಿಮ್ಮಲ್ಲಿ’ ಎಂಬ ಮಾತಿಗೆ ಯಾವ ಸನ್ನೆ

ಪಾಸ್ಟರು ನಮ್ಮ ಶಾಲೆಗೆ ಬಂದದ್ದು ಒಂದು ಶುಕ್ರವಾರ, ಊಟ ಮುಗಿಸಿ ಮಕ್ಕಳು ತಟ್ಟೆ ತೊಳೆಯುತ್ತಿದ್ದ ಹೊತ್ತಿನಲ್ಲಿ. ಶಿವಮೊಗ್ಗದ ಸವಳಂಗ ರಸ್ತೆಯಿಂದ ಸ್ವಲ್ಪ ಒಳಗಿರುವ ಕಿವುಡ ಮಕ್ಕಳ ಶಾಲೆ ನಮ್ಮದು. ನಾನಲ್ಲಿ ಇಪ್ಪತ್ತೈದು ವರ್ಷಕ್ಕೂ ಹೆಚ್ಚು ಕಾಲದಿಂದ ಟೀಚರು. ಬಂದವರಿಗೆ ಮೂವತ್ತೈದರ ಆಸುಪಾಸು. ಹೆಲ್ಮೆಟ್ಟನ್ನು ಕೈಯಲ್ಲಿ ಹಿಡಿದುಕೊಂಡೇ ಮಾತಾಡಿದರು. ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸ್ ಹತ್ತಿರ ತಮ್ಮದೊಂದು ಚಿಕ್ಕ ಚರ್ಚಿದೆ, ಅಲ್ಲಿಗೆ ಬರುವ ಅರವತ್ತು ದಾಟಿದ ಹೆಂಗಸೊಬ್ಬರಿಗೆ ಹುಟ್ಟಿನಿಂದ ಕಿವಿ ಕೇಳುವುದಿಲ್ಲ, ಗಂಡ ಪಕ್ಕದಲ್ಲಿ ಕೂತು ಎಲ್ಲವನ್ನೂ ಕೈಸನ್ನೆಯಲ್ಲಿ ಹೇಳುತ್ತಿದ್ದರು, ಆ ಗಂಡ ತೀರಿಕೊಂಡು ಐದು ತಿಂಗಳಾಯಿತು ಎಂದರು.

“ಈಗಲೂ ಪ್ರತಿ ಭಾನುವಾರ ಬರ್ತಾರೆ ಮೇಡಂ. ಮುಂದಿನ ಬೆಂಚಲ್ಲಿ ಕೂತು ನನ್ನ ಬಾಯಿನೇ ನೋಡ್ತಾರೆ. ತುಟಿ ಕಾಣ್ಲಿ ಅಂತ ನಾನು ಮೀಸೆ ಕೂಡ ತೆಗೆದೆ. ಏನೂ ಗೊತ್ತಾಗಲ್ಲ ಪಾಪ, ಆದ್ರೂ ಬರ್ತಾರೆ. ಒಂದು ತಿಂಗಳಾದ್ರೂ ನೀವು ಬಂದು ಕೈಯಲ್ಲಿ ಹೇಳಿಕೊಡ್ಬೇಕು.”

“ನಮ್ಮದು ಲಿಂಗ ಕಟ್ಟಿಕೊಳ್ಳೋ ಮನೆ ಸರ್. ನಿಮ್ಮ ವೇದ ನಾನು ಓದಿಲ್ಲ. ಅರ್ಥ ಆಗ್ಬೇಕಲ್ಲ ನನಗೆ.”

“ಓದಿದವರಿಗೂ ಅರ್ಥ ಆಗಲ್ಲ, ಬನ್ನಿ,” ಎಂದು ನಕ್ಕರು.

ಆ ನಗುವಿಗೇ ನಾನು ಒಪ್ಪಿದೆನೇನೋ. ವಿನೋಬನಗರದ ಮನೆಗೆ ಬಂದು ಅಮ್ಮನಿಗೆ ಹೇಳಿದೆ. ಎಂಬತ್ತು ದಾಟಿದ ಅಮ್ಮ ಬೆಳಗಿನ ಪೂಜೆಯಲ್ಲಿ ಲಿಂಗವನ್ನು ಅಂಗೈ ಮೇಲೆ ಇಟ್ಟುಕೊಂಡು ಕೂತರೆ ಫೋನು ಬಡಿದುಕೊಂಡರೂ ಏಳುವವಳಲ್ಲ. ಬೇಡ ಎನ್ನುತ್ತಾಳೆಂದುಕೊಂಡಿದ್ದೆ. ಸ್ವಲ್ಪ ಯೋಚಿಸಿ, “ಹೋಗೋದಾದ್ರೆ ಸರಿಯಾಗಿ ಹೇಳು ಮಾರಾಯ್ತಿ. ಯಾರ ದೇವರ ಮಾತಾದ್ರೂ ಅರ್ಧಂಬರ್ಧ ಹೇಳ್ಬಾರದು,” ಎಂದಳು.

ಹಾಗೆ ಭಾನುವಾರದ ಬೆಳಗಿನ ಬಸ್ಸಿನಲ್ಲಿ ಭದ್ರಾವತಿಗೆ ಹೋಗಿಬರುವುದು ಶುರುವಾಯಿತು. ಒಂದು ತಿಂಗಳೆಂದು ಹೋದವಳು ಇನ್ನೂ ಹೋಗುತ್ತಿದ್ದೇನೆ.

ಹಂಚಿನ ಸೂರಿನ ಸಣ್ಣ ಚರ್ಚು ಅದು. ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು, ಅವರ ಮಕ್ಕಳು ಮೊಮ್ಮಕ್ಕಳು, ತಮಿಳು ತೆಲುಗು ಕನ್ನಡ ಮೂರೂ ಬೆರೆತ ಮಾತು. ನಾನು ಯಾರಿಗಾಗಿ ಹೋದೆನೋ ಆಕೆಯನ್ನು ಅಲ್ಲಿ ಎಲ್ಲರೂ ಟೈಲರಮ್ಮ ಅನ್ನುತ್ತಿದ್ದರು. ಮನೆಯಲ್ಲೇ ರವಿಕೆ ಹೊಲಿದು ಬಾಳು ನಡೆಸಿದವರು. ಸಣ್ಣ ಆಳು, ಚುರುಕು ಕಣ್ಣು, ನನ್ನ ಕೈಗಳಿಗಿಂತ ಎರಡು ಪಟ್ಟು ವೇಗದ ಕೈಗಳು. ಚಿಕ್ಕಂದಿನಲ್ಲಿ ನಾಲ್ಕು ವರ್ಷ ಬೇರೆ ಊರಿನ ಶಾಲೆಯಲ್ಲಿ ಕಲಿತ ಸನ್ನೆಗಳು ಅವರಲ್ಲಿದ್ದವು. ಕನ್ನಡವನ್ನು ನಿಧಾನವಾಗಿ ಕೂಡಿಸಿ ಓದುತ್ತಿದ್ದರು. ಉಳಿದ ಭಾಷೆಯನ್ನೆಲ್ಲ ಗಂಡಹೆಂಡಿರು ಮೂವತ್ತೆಂಟು ವರ್ಷ ಕೂಡಿ ಬಾಳುತ್ತ ತಾವೇ ಕಟ್ಟಿಕೊಂಡಿದ್ದರು. ಆ ಭಾಷೆಯನ್ನು ಬಲ್ಲವರು ಲೋಕದಲ್ಲಿ ಇಬ್ಬರೇ ಇದ್ದರು. ಈಗ ಒಬ್ಬರು. ಪ್ರಾರ್ಥನೆ ಮುಗಿದ ಮೇಲೆ ಅವರ ಮನೆಯ ಜಗುಲಿಯಲ್ಲಿ ಕೂತು ಕಾಫಿ ಕುಡಿಯುತ್ತ ನಾನು ಅದನ್ನು ಒಂದೊಂದೇ ಸನ್ನೆಯಾಗಿ ಕಲಿತೆ.

ಮೊದಲ ವಾರಗಳು ಕಷ್ಟವಾಗಲಿಲ್ಲ. ಮೀನು, ರೊಟ್ಟಿ, ದೋಣಿ, ಕುರುಡನ ಕಣ್ಣು ತೆರೆದದ್ದು, ಎಲ್ಲಕ್ಕೂ ಕೈಯಲ್ಲಿ ದಾರಿಯಿತ್ತು. ಆಮೇಲೆ ಪಾಸ್ಟರು ದೇವರ ರಾಜ್ಯದ ವಿಷಯ ಎತ್ತಿಕೊಂಡರು. ಅದಕ್ಕೆ ಕಾರಣ ಸಭೆಯ ಹಿರಿಯರೊಬ್ಬರು. ಕಾರ್ಖಾನೆಯಲ್ಲಿ ಕ್ರೇನ್ ನಡೆಸಿದವರಾದ್ದರಿಂದ ಮಕ್ಕಳೆಲ್ಲ ಅವರನ್ನು ಕ್ರೇನ್ ತಾತ ಅನ್ನುತ್ತಿದ್ದರು. ಫೋನಿನಲ್ಲಿ ಬರುವ ವಿಡಿಯೋಗಳನ್ನು ನೋಡಿ ನೋಡಿ, ಅಲ್ಲಿ ಯುದ್ಧ, ಇಲ್ಲಿ ಭೂಕಂಪ, ಲೋಕ ಮುಗಿದು ದೇವರ ರಾಜ್ಯ ಇನ್ನೇನು ಬಂದೇಬಿಟ್ಟಿತು, ಬರುವ ವರ್ಷ ದಾಟುವುದಿಲ್ಲ ಎಂದು ಕಂಡವರಿಗೆಲ್ಲ ಹೇಳುತ್ತಿದ್ದರು. ಕೇಳಿ ಹೆದರಿದ ಹುಡುಗಿಯೊಬ್ಬಳು, ಹಾಗಾದರೆ ಪರೀಕ್ಷೆಗೆ ಯಾಕೆ ಓದಬೇಕು ಎಂದು ಪಾಸ್ಟರನ್ನೇ ಕೇಳಿದಳಂತೆ.

‘ದೇವರ ರಾಜ್ಯ’ ಎಂದು ಮೊದಲ ಸಲ ಬಂದಾಗ ನಾನು ದೇವರ ಸನ್ನೆ ಮಾಡಿ, ಶಾಲೆಯ ಸಮಾಜ ಪಾಠದಲ್ಲಿ ನಾವು ರಾಜ್ಯಕ್ಕೆ ಬಳಸುವ ಸನ್ನೆ ಮಾಡಿದೆ. ಟೈಲರಮ್ಮ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕರು. ದೇವರು ಬೆಂಗಳೂರಿನಲ್ಲಿ ಕೂತು ಸರ್ಕಾರ ನಡೆಸುತ್ತಾನಾ ಎಂದು ಕೈಯಲ್ಲೇ ಕೇಳಿದರು. ಆಮೇಲೆ ತಮ್ಮ ಗಂಡ ಬಳಸುತ್ತಿದ್ದ ಸನ್ನೆ ತೋರಿಸಿದರು. ಎರಡು ಮುಷ್ಟಿಗಳನ್ನು ಎದೆಯ ಮುಂದೆ ಒತ್ತಿ ಹಿಡಿದು, ಒಮ್ಮೆಗೇ ಬಿಚ್ಚಿ, ಮುಖವನ್ನು ಪಕ್ಕಕ್ಕೆ ತಿರುಗಿಸಿ, ಬಿಸಿಗೆ ಅಡ್ಡ ಹಿಡಿದಂತೆ ಅಂಗೈಯನ್ನು ಕೆನ್ನೆಗೆ ತರುವುದು. ಇದೆಂಥ ಸನ್ನೆ ಎಂದು ತಿಳಿಯಲಿಲ್ಲ. ಆದರೂ ಆವತ್ತಿನಿಂದ ಅದನ್ನೇ ಮಾಡಿದೆ.

ಪ್ರತಿ ಶನಿವಾರ ಪಾಸ್ಟರು ಮರುದಿನ ಓದುವ ಭಾಗವನ್ನು ವಾಟ್ಸಾಪಿನಲ್ಲಿ ಕಳಿಸುತ್ತಿದ್ದರು. ಆ ಶನಿವಾರದ ಭಾಗವನ್ನು ನಾನು ಅಡುಗೆಮನೆಯಲ್ಲಿ ನಿಂತು ನಾಲ್ಕು ಸಲ ಓದಿದೆ. ದೇವರ ರಾಜ್ಯ ಯಾವಾಗ ಬರುತ್ತದೆ ಎಂದು ವಿರೋಧಿಗಳು ಯೇಸುವನ್ನು ಕೇಳುತ್ತಾರೆ. ಅದು ಕಣ್ಣಿಟ್ಟು ಕಾಯುವವರಿಗೆ ಕಾಣುವಂತೆ ಬರುವುದಿಲ್ಲ, ಇಲ್ಲಿದೆ ಅಲ್ಲಿದೆ ಎಂದು ತೋರಿಸಲು ಆಗುವುದಿಲ್ಲ, ಅದು ನಿಮ್ಮಲ್ಲಿಯೇ ಇದೆ ಎಂಬಂಥ ಉತ್ತರ. ಮುಂದಿನ ಸಾಲುಗಳಲ್ಲೇ ಅದೇ ಬಾಯಿ ಶಿಷ್ಯರಿಗೆ ಹೇಳುತ್ತದೆ: ಆ ದಿನ ಬಂದಾಗ ಆಕಾಶದ ಈ ತುದಿಯಿಂದ ಆ ತುದಿಗೆ ಹೊಳೆಯುವ ಮಿಂಚಿನ ಹಾಗಿರುತ್ತದೆ. ಕಾಣುವುದೇ ಇಲ್ಲವೆಂದಮೇಲೆ ಮಿಂಚು ಹೇಗೆ?

ಅದಕ್ಕಿಂತ ಮೊದಲು ನನ್ನನ್ನು ಹಿಡಿದು ನಿಲ್ಲಿಸಿದ್ದು ‘ನಿಮ್ಮಲ್ಲಿ’ ಎಂಬ ಒಂದು ಪದ. ನಿಮ್ಮ ಒಳಗೆ ಎಂದೇ, ನಿಮ್ಮ ನಡುವೆ ಎಂದೇ? ಕನ್ನಡದಲ್ಲಿ ಓದಿಕೊಂಡು ಹೋಗುವವರಿಗೆ ಈ ತೊಂದರೆಯಿಲ್ಲ, ಎರಡೂ ಅರ್ಥ ಒಂದೇ ಪದದಲ್ಲಿ ಸುಮ್ಮನೆ ಕೂತಿವೆ. ಕೈಗೆ ಹಾಗಲ್ಲ. ಎದೆಯನ್ನು ಮುಟ್ಟಬೇಕು, ಇಲ್ಲವೇ ನಿಂತವರ ನಡುವಿನ ಜಾಗವನ್ನು ತೋರಿಸಬೇಕು. ಪಾಸ್ಟರಿಗೆ ಫೋನ್ ಮಾಡಿದೆ.

“ಅಯ್ಯೋ ಮೇಡಂ, ಅದರ ಬಗ್ಗೆ ದೊಡ್ಡ ದೊಡ್ಡ ಪಂಡಿತರೇ ಜಗಳ ಆಡಿದ್ದಾರೆ,” ಎಂದರು. “ಮೂಲ ಗ್ರೀಕ್ ಪದಕ್ಕೂ ಎರಡೂ ಅರ್ಥ ಹೇಳ್ತಾರೆ. ಒಳಗೆ ಅಂತ ಇಟ್ಕೊಂಡ್ರೆ, ಕೇಳಿದವರು ವಿರೋಧಿಗಳು, ಅವರ ಒಳಗೆ ಹೇಗಿತ್ತು ಅನ್ನೋ ಪ್ರಶ್ನೆ ಬರುತ್ತೆ. ನಡುವೆ ಅಂದ್ರೆ, ಯೇಸು ಅವರ ನಡುವೆ ನಿಂತಿದ್ದನಲ್ಲ, ಅದನ್ನೇ ಹೇಳಿದ್ದು ಅಂತಾಗುತ್ತೆ.”

“ನಾಳೆ ನೀವು ಯಾವುದು ಹೇಳ್ತೀರಿ?”

“ನಾನು ‘ನಿಮ್ಮಲ್ಲಿ’ ಅಂತ್ಲೇ ಓದ್ತೀನಿ,” ಎಂದರು. ಆಮೇಲೆ, “ನಿಮಗೆ ಆ ಸೌಕರ್ಯ ಇಲ್ಲ ಅಲ್ವಾ,” ಎಂದರು.

ಮರುದಿನ ಆ ಸಾಲು ಬಂದಾಗ ನಾನು ಎದೆ ಮುಟ್ಟಿದೆ. ದೇವರು ಒಳಗಿದ್ದಾನೆ ಎಂಬ ಮಾತು ನಮ್ಮ ಮನೆಯಲ್ಲಿ ಕೇಳಿ ಬೆಳೆದದ್ದು, ಕೈ ತಾನಾಗಿ ಅಲ್ಲಿಗೇ ಹೋಯಿತು. ಟೈಲರಮ್ಮ ಅಲ್ಲ ಎಂದು ತಲೆಯಲ್ಲಾಡಿಸಿದರು. ನಾನು ಮುಂದುವರಿಸಲು ನೋಡಿದೆ. ಅವರು ನನ್ನ ಮಣಿಕಟ್ಟು ಹಿಡಿದು ನಿಲ್ಲಿಸಿ ಎದ್ದು ನಿಂತರು.

ಕಿವುಡರ ಮಾತನ್ನು ಬಾಯಲ್ಲಿ ಹೇಳುವವರು ಪಾಲಿಸುವ ಒಂದು ಕಟ್ಟಳೆ ಇದೆ. ‘ಅವರು ಹೀಗನ್ನುತ್ತಿದ್ದಾರೆ’ ಎನ್ನುವಂತಿಲ್ಲ. ಅವರು ‘ನಾನು’ ಎಂದರೆ ನಾವೂ ‘ನಾನು’ ಎನ್ನಬೇಕು. ನಾನೂ ಎದ್ದು ನಿಂತೆ. ಆ ಚರ್ಚಿನಲ್ಲಿ ನಾನು ಬಾಯಿ ಬಿಟ್ಟದ್ದು ಅದೇ ಮೊದಲು.

“ನನಗೊಂದು ಪ್ರಶ್ನೆ ಇದೆ,” ಎಂದೆ.

ಪಾಸ್ಟರು ಓದುವುದನ್ನು ನಿಲ್ಲಿಸಿದರು. ಮೂವತ್ತೆಂಟು ವರ್ಷ ಮುಂದಿನ ಸಾಲಿನಲ್ಲಿ ಕೂತ ಹೆಂಗಸು ಒಂದು ಪ್ರಶ್ನೆ ಕೇಳಿದ್ದನ್ನು ಅಲ್ಲಿ ಯಾರೂ ಕೇಳಿರಲಿಲ್ಲ.

“ಕೇಳಿದವರಿಗೆ ಯೇಸುವನ್ನು ಕಂಡರೆ ಆಗುತ್ತಿರಲಿಲ್ಲ. ಅವರ ಎದೆಯೊಳಗೆ ಇದೆ ಎಂದು ಯಾಕೆ ಹೇಳಿದ?”

“ನಡುವೆ ಇದೆ ಅಂತಲೂ ಅರ್ಥ ಇದೆ ಅಮ್ಮ,” ಎಂದರು ಪಾಸ್ಟರು, ಮೆಟ್ಟಿಲಿಳಿದು ಹತ್ತಿರ ಬರುತ್ತ. ನಾನು ಕೈಯಲ್ಲಿ ಹೇಳಿದೆ. ಈ ಸಲ ನಮ್ಮ ಮೂವರ ನಡುವಿನ ಬರಿ ಜಾಗವನ್ನು ತೋರಿಸಿದೆ.

ಟೈಲರಮ್ಮ ಆ ಜಾಗವನ್ನೇ ನೋಡುತ್ತ ನಿಂತರು. ಆಮೇಲೆ ಕೈಗಳು ಹರಿಯತೊಡಗಿದವು. ನಾನು ಬಾಯಲ್ಲಿ ಹಿಂಬಾಲಿಸಿದೆ.

“ನನ್ನ ಗಂಡ ಕುಲುಮೆಯ ಹತ್ತಿರ ಕೆಲಸ ಮಾಡುತ್ತಿದ್ದ. ಮದುವೆಯಾದ ವರ್ಷ ಆಯುಧಪೂಜೆಗೆ ಮನೆಯವರನ್ನು ಒಳಗೆ ಬಿಟ್ಟಿದ್ದರು. ನನ್ನನ್ನು ಕರೆದುಕೊಂಡು ಹೋದ. ದೊಡ್ಡ ಕಪ್ಪು ಗೋಡೆ. ಸುತ್ತ ಗಂಡಸರು ಬೀಡಿ ಸೇದುತ್ತ, ನಗುತ್ತ ನಿಂತಿದ್ದರು. ಇಲ್ಲಿ ಏನೂ ಇಲ್ಲವಲ್ಲ ಎಂದು ನಾನು ಕೇಳಿದೆ. ಚಪ್ಪಲಿ ಬಿಡು ಎಂದ. ಬಿಟ್ಟೆ. ಅಂಗಾಲಿಗೆ ನೆಲ ನಡುಗುತ್ತಿತ್ತು. ಕಬ್ಬಿಣ ಒಳಗೆ ಆಗಲೇ ಕರಗಿದೆ, ಇವರು ಅದರ ಪಕ್ಕದಲ್ಲೇ ನಿಂತಿದ್ದಾರೆ ಎಂದ. ಆಮೇಲೆ ಕುಲುಮೆಯ ಬಾಯಿ ಒಡೆದರು. ಆ ಬೆಳಕು. ಶೆಡ್ಡಿನ ಈ ತುದಿಯಿಂದ ಆ ತುದಿಯವರೆಗೆ ಒಂದು ನೆರಳೂ ಉಳಿಯಲಿಲ್ಲ. ನಾನು ಮುಖ ತಿರುಗಿಸಿದೆ. ಚರ್ಚಿನಲ್ಲಿ ಹೇಳುವ ರಾಜ್ಯ ಇದು, ಹೀಗೆ ಎಂದು ನನ್ನ ಗಂಡ ಹೇಳಿದ. ಮುಚ್ಚಿದ್ದಾಗಲೂ ಅದೇ ಬೆಂಕಿ. ತೆರೆದಾಗಲೂ ಅದೇ ಬೆಂಕಿ.”

ನನ್ನ ಬಾಯಿಂದ ಬಂದ ಆ ‘ನಾನು’ ನಾನಲ್ಲ ಎಂದು ಗೊತ್ತಿದ್ದರೂ ನನ್ನ ಅಂಗಾಲು ಜುಮ್ಮೆಂದಿತು. ಅಡುಗೆಮನೆಯಲ್ಲಿ ನಾಲ್ಕು ಸಲ ಓದಿ ನಾನು ಕೂಡಿಸಲಾಗದ ಎರಡು ಮಾತು, ಕಾಣದೆ ಇರುವುದು ಮತ್ತು ಮಿಂಚಿನಂತೆ ಕಾಣುವುದು, ಓದು ಬಾರದ ಗಂಡಸೊಬ್ಬನ ಕೈಯಲ್ಲಿ ಎಂದೋ ಒಂದಾಗಿದ್ದವು. ವಾರಗಟ್ಟಲೆ ಅರ್ಥ ತಿಳಿಯದೆ ಆ ಸನ್ನೆಯನ್ನು ನಾನೂ ಮಾಡುತ್ತ ಬಂದಿದ್ದೆ.

ಕ್ರೇನ್ ತಾತ ಎದ್ದರು. ಅವರೂ ಅದೇ ಶೆಡ್ಡಿನಲ್ಲಿ ದುಡಿದವರು. “ಇರಮ್ಮ. ಕುಲುಮೆಗೆ ಟೈಮ್ ಇತ್ತು. ಇಷ್ಟು ಗಂಟೆಗೆ ಬಾಯಿ ಒಡೀತಾರೆ ಅಂತ ನಮಗೆಲ್ಲ ಗೊತ್ತಿತ್ತು. ಇದಕ್ಕೆ ಟೈಮ್ ಯಾರು ಹೇಳ್ತಾರೆ? ಅದಕ್ಕೇ ನಾನು ಹುಡುಕ್ತಿರೋದು. ಗೊತ್ತಿಲ್ದೆ ನಿಂತ್ಕೊಳ್ಳೋಕೆ ಭಯ ಆಗಲ್ವಾ?”

ನಾನು ಅದನ್ನು ಕೈಯಲ್ಲಿ ಹೇಳಿದೆ. ಟೈಲರಮ್ಮ ಅವರತ್ತ ತಿರುಗಿ, “ನೀವು ಮೇಲೆ ಕ್ರೇನಿನಲ್ಲಿ ಇರುತ್ತಿದ್ದಿರಿ. ಅಲ್ಲಿಂದ ಗಡಿಯಾರ ಕಾಣುತ್ತಿತ್ತು. ಕೆಳಗಿದ್ದವರಿಗೆ ನೆಲಕ್ಕೆ ತಾಗಿದ ಕಾಲಿತ್ತು,” ಎಂದರು. ತಾತ ಒಪ್ಪಿದರೆಂದು ಹೇಳಲಾರೆ. ಬೆಂಚಿನ ಬೆನ್ನು ಹಿಡಿದು ಬಹಳ ಹೊತ್ತು ನಿಂತೇ ಇದ್ದರು.

ಅಲ್ಲಿಗೆ ಮುಗಿದಿದ್ದರೆ ಇದನ್ನು ನಾನು ಬರೆಯುತ್ತಿರಲಿಲ್ಲವೇನೋ. ಆ ಭಾಗ ಅಲ್ಲಿಗೆ ಮುಗಿಯುವುದಿಲ್ಲ. ಮುಂದಿನ ವಾರಕ್ಕೆ ಪಾಸ್ಟರು ಅದರ ಕೊನೆಯನ್ನು ಇಟ್ಟುಕೊಂಡಿದ್ದರು. ಆ ದಿನ ಒಂದೇ ಹಾಸಿಗೆಯಲ್ಲಿ ಇಬ್ಬರು ಮಲಗಿರುತ್ತಾರೆ, ಒಬ್ಬರನ್ನು ತೆಗೆದುಕೊಳ್ಳಲಾಗುತ್ತದೆ, ಇನ್ನೊಬ್ಬರನ್ನು ಬಿಡಲಾಗುತ್ತದೆ ಎಂಬ ಮಾತು ಅದು. ಟೈಲರಮ್ಮನ ಗಂಡ ತೀರಿಕೊಂಡದ್ದು ನಿದ್ದೆಯಲ್ಲಿ, ಅವರ ಪಕ್ಕದಲ್ಲೇ ಎಂಬುದು ಅಷ್ಟು ಹೊತ್ತಿಗೆ ನನಗೆ ಗೊತ್ತಿತ್ತು. ಬೆಳಿಗ್ಗೆ ಎದ್ದು ಕಾಫಿ ಮಾಡಿ ಬಂದು ಭುಜ ಮುಟ್ಟಿದಾಗಲೇ ಅವರಿಗೆ ತಿಳಿದದ್ದು.

ಪಾಸ್ಟರಿಗೆ ಫೋನ್ ಮಾಡಿ, “ಈ ಸಾಲು ಬಿಟ್ಟುಬಿಡಿ ಸರ್. ನಾನಿದನ್ನ ಅವರ ಮುಖ ನೋಡಿಕೊಂಡು ಹೇಳಲಾರೆ,” ಎಂದೆ. ಅವರಿಗೂ ಅದೇ ಯೋಚನೆಯಾಗಿತ್ತು. ಬಿಡೋಣ ಎಂದರು. ಅರ್ಧಂಬರ್ಧ ಹೇಳಬೇಡ ಎಂದ ಅಮ್ಮನ ಮುಖ ನೋಡಲು ಆವತ್ತು ನನಗೆ ಮುಜುಗರವಾಯಿತು.

ಬುಧವಾರ ಟೈಲರಮ್ಮ ವಿಡಿಯೋ ಕಾಲ್ ಮಾಡಿ ಬಾ ಎಂದರು. ಶಾಲೆ ಬಿಟ್ಟಮೇಲೆ ಹೋದೆ. ನನ್ನ ಹಿಂದೆಯೇ ಪಾಸ್ಟರೂ ಬಂದರು, ಅವರನ್ನೂ ಕರೆದಿದ್ದರಂತೆ. ಹೊಲಿಗೆ ಮಿಷನ್ನಿನ ಮೇಲೆ ವೇದ ಪುಸ್ತಕ ತೆರೆದಿತ್ತು. ಆ ಸಾಲಿನ ಕೆಳಗೆ ಬಟ್ಟೆಗೆ ಗುರುತು ಹಾಕುವ ನೀಲಿ ಸೀಮೆಸುಣ್ಣದ ಗೆರೆ. ತಾವೇ ಅಕ್ಷರ ಕೂಡಿಸಿ ಓದಿದ್ದರು.

“ನನಗೆ ಇದು ಗೊತ್ತು,” ಎಂದರು. “ನೀವಿಬ್ಬರೂ ಮುಚ್ಚಿಡುತ್ತೀರಿ ಎಂದೂ ಗೊತ್ತು. ಅವನು ನನ್ನನ್ನು ಕೂಗಿರಬಹುದು. ನನಗೆ ಕೇಳಲಿಲ್ಲ. ಅವನನ್ನು ತೆಗೆದುಕೊಂಡರು, ನನ್ನನ್ನು ಬಿಟ್ಟರು. ಬಿಡುವುದು ಎಂದರೆ ಬೇಡ ಎಂದೇ?”

ಕಡೆಯ ಸನ್ನೆ, ಕೈಯಲ್ಲಿದ್ದುದನ್ನು ಕೆಡವಿ ಕೈ ಒರೆಸಿಕೊಳ್ಳುವುದು. ಅದನ್ನು ಪಾಸ್ಟರಿಗೆ ಬಾಯಲ್ಲಿ ಹೇಳಲು ನನಗೆ ತಡವಾಯಿತು. ನಾನು ಹೇಳಬೇಕಾದದ್ದು, “ನನ್ನನ್ನು ಬೇಡ ಎಂದರೇ?” ಎಂದು.

ಪಾಸ್ಟರು ಕುರ್ಚಿ ಬಿಟ್ಟು ಅವರೆದುರು ನೆಲದಲ್ಲಿ ಕೂತರು. ಸಾಂತ್ವನದ ಮಾತು ಹೇಳುತ್ತಾರೆಂದುಕೊಂಡೆ. ಅವರು ಪುಸ್ತಕವನ್ನೇ ಕೈಗೆತ್ತಿಕೊಂಡರು. “ಇದಕ್ಕಿಂತ ಮುಂಚೆ ಜಲಪ್ರಳಯದ ಮಾತು ಬರುತ್ತೆ ನೋಡಿ ಅಮ್ಮ. ಆ ನೀರು ತೆಗೆದುಕೊಂಡು ಹೋದವರು ಮುಳುಗಿದವರು. ಉಳಿದವರು ಹಡಗಿನಲ್ಲಿದ್ದವರು, ಬದುಕಿದವರು. ಹಾಗಾಗಿ ಇಲ್ಲಿ ತೆಗೆದುಕೊಂಡದ್ದು ಒಳ್ಳೇದಕ್ಕೋ ಬಿಟ್ಟದ್ದು ಒಳ್ಳೇದಕ್ಕೋ ಅಂತ ಇವತ್ತಿಗೂ ಒಬ್ಬರು ಒಂದು ಹೇಳಿದ್ರೆ ಇನ್ನೊಬ್ಬರು ಒಂದು ಹೇಳ್ತಾರೆ. ಎಲ್ಲಿಗೆ, ಎಲ್ಲಿಗೆ ಅಂತ ಶಿಷ್ಯರೇ ಕೇಳಿದ್ರು. ಅವರಿಗೂ ನೇರ ಉತ್ತರ ಸಿಗಲಿಲ್ಲ. ನನಗೆ ಗೊತ್ತಿಲ್ಲ ಅಮ್ಮ. ಆದ್ರೆ ಬೇಡ ಅಂತ ಬಿಟ್ಟರು ಅನ್ನೋ ಮಾತು ಇದರಲ್ಲಿ ಎಲ್ಲೂ ಬರೆದಿಲ್ಲ.”

ಒಂದೊಂದು ಮಾತನ್ನೂ ಕೈಯಲ್ಲಿ ಇಟ್ಟೆ. ಟೈಲರಮ್ಮ ಪುಸ್ತಕ ತೆಗೆದುಕೊಂಡು, ಆ ಸಾಲಿನ ಹಿಂದೆ ಮುಂದೆ ಬೆರಳಿಟ್ಟು ಓದಿದರು. ಬೀದಿಯಲ್ಲಿ ತರಕಾರಿ ಗಾಡಿಯವನು ಕೂಗಿಕೊಂಡು ಹೋದ. ಓದಿ ಮುಗಿಸಿ ಟೈಲರಮ್ಮ ತಲೆಯೆತ್ತಿ, “ಇಲ್ಲ. ಬರೆದಿಲ್ಲ,” ಎಂದರು. ಆಮೇಲೆ, “ಭಾನುವಾರ ಈ ಭಾಗವನ್ನು ನಾನು ಹೇಳುತ್ತೇನೆ. ನೀನು ನನ್ನ ಹಿಂದೆ ನಿಂತು ಬಾಯಲ್ಲಿ ಹೇಳು,” ಎಂದರು.

ಆ ಭಾನುವಾರ ಅವರು ಸಭೆಗೆ ಎದುರಾಗಿ ನಿಂತರು. ನಾನು ಓರೆಯಾಗಿ, ಅವರ ಕೈ ಕಾಣುವಷ್ಟು ಹಿಂದೆ ನಿಂತೆ. ಮಿಂಚು ಬಂತು. ನೀರು ಬಂತು, ಉಣ್ಣುತ್ತ ಮದುವೆಯಾಗುತ್ತ ಇದ್ದವರ ಮೇಲೆ ಏರಿತು. ಮಾಳಿಗೆಯ ಮೇಲಿದ್ದವನು ಸಾಮಾನಿಗೆಂದು ಕೆಳಗಿಳಿಯಲಿಲ್ಲ. ನನಗೆ ಮಾತುಗಳು ಸಲೀಸಾಗಿ ಸಿಗುತ್ತಿದ್ದವು. ಕೊನೆಗೆ ಹಾಸಿಗೆ ಬಂತು. ಎಡಗೈಯ ಅಂಗೈ ಹಾಸಿಗೆಯಾಯಿತು. ಅದರ ಮೇಲೆ ಬಲಗೈಯ ಎರಡು ಬೆರಳು ಒತ್ತಾಗಿ ಮಲಗಿದವು. ಒಂದು ಬೆರಳು ಮೆಲ್ಲಗೆ ಎದ್ದಿತು, ಅಂಗೈ ಬಿಟ್ಟು ಮೇಲೆ ಹೋಯಿತು. ಅವರ ಕಣ್ಣು ಅದರ ಹಿಂದೆ ಹೋಯಿತು.

“ಒಬ್ಬರನ್ನು ತೆಗೆದುಕೊಳ್ಳಲಾಯಿತು,” ಎಂದೆ. “ಇನ್ನೊಬ್ಬರನ್ನು ಬಿಡಲಾಯಿತು.”

ಪುಸ್ತಕದಲ್ಲಿ ಮಾತು ಅಲ್ಲಿಗೆ ನಿಲ್ಲುತ್ತದೆ. ಅವರ ಕೈ ನಿಲ್ಲಲಿಲ್ಲ. ಮಲಗಿದ್ದ ಇನ್ನೊಂದು ಬೆರಳು ನಿಧಾನವಾಗಿ ಎದ್ದು ಕೂತಿತು. ಪಕ್ಕದ ಖಾಲಿ ಜಾಗವನ್ನು ನೋಡಿತು. ಹಾಗೇ ಕೂತಿತು. ಆಮೇಲೆ ಎದ್ದು ನಿಂತಿತು. ನಿಂತು, ರಾಜ್ಯಕ್ಕೆ ಗಂಡ ಮಾಡುತ್ತಿದ್ದ ಆ ಹಳೆಯ ಸನ್ನೆಯ ಮೊದಲರ್ಧವಾಯಿತು: ಎರಡು ಮುಷ್ಟಿ, ಎದೆಯ ಮುಂದೆ, ಇನ್ನೂ ಮುಚ್ಚಿದ್ದವು. ಅವರು ಅದನ್ನು ಬಿಚ್ಚಲಿಲ್ಲ. ಹಾಗೇ ಹಿಡಿದು ನಿಂತರು.

ಇದಕ್ಕೆ ಏನು ಹೇಳಬೇಕೆಂದು ನನಗೆ ತಿಳಿಯಲಿಲ್ಲ. ನನ್ನ ಕೆಲಸವೇ ಹೇಳುವುದು. ಇಷ್ಟು ವರ್ಷದಲ್ಲಿ ಕೈ ಆಡಿದ ಒಂದು ಮಾತನ್ನೂ ನಾನು ಹೇಳದೆ ಬಿಟ್ಟವಳಲ್ಲ. ಪಾಸ್ಟರ ಕಡೆ ನೋಡಿದೆ. ಅವರು ಬೇಡ ಎಂಬಂತೆ ತಲೆಯಲ್ಲಾಡಿಸಿದರು. ಆ ಮುಷ್ಟಿಗಳು ಸ್ವಲ್ಪ ನಡುಗುತ್ತಿದ್ದವು. ನಾನು ನಮ್ಮ ಗುಡಿಗಳಲ್ಲಿ, ಮಠದಲ್ಲಿ ಎಷ್ಟೋ ಸಲ ಕೈಮುಗಿದು ನಿಂತಿದ್ದೇನೆ. ಆವತ್ತು ಮುಗಿಯಲು ಕೈ ಏಳಲಿಲ್ಲ, ಅಷ್ಟು ಹತ್ತಿರದಲ್ಲಿ ಏನೋ ಇದ್ದ ಹಾಗಿತ್ತು. ಏನೆಂದು ಹೇಳಲು ಈಗಲೂ ನನ್ನ ಹತ್ತಿರ ಪದವಿಲ್ಲ.

ಮನೆಗೆ ಬಂದು ಅಮ್ಮನ ಮುಂದೆ ನೆಲದಲ್ಲಿ ಕೂತು ಎಲ್ಲವನ್ನೂ ಹಾಗೇ ಮಾಡಿ ತೋರಿಸಿದೆ. ಅಮ್ಮ ನನ್ನ ಮುಷ್ಟಿಗಳನ್ನು ನೋಡುತ್ತ, “ನೀನು ಮಾಡಿದ್ರೆ ಬರಲ್ಲ ಬಿಡು ಅದು,” ಎಂದಳು. ಸರಿಯಾದ ಮಾತು.

ಆದರೆ ನಾನು ಮನೆ ಸೇರಿದ್ದೇ ಆವತ್ತು ತಡವಾಗಿ. ಪ್ರಾರ್ಥನೆ ಮುಗಿದ ಮೇಲೆ ಚಪ್ಪಲಿ ಹಾಕಿಕೊಂಡು ಚರ್ಚಿನ ಅಂಗಳಕ್ಕೆ ಬಂದಾಗ ಟೈಲರಮ್ಮನ ಸುತ್ತ ಜನ ನಿಂತಿದ್ದರು. ಮಾತಾಡಿಸುವುದು ಹೇಗೆಂದು ಯಾರಿಗೂ ಗೊತ್ತಿರಲಿಲ್ಲ. ಪರೀಕ್ಷೆ ಯಾಕೆ ಬರೆಯಬೇಕೆಂದು ಕೇಳಿದ್ದ ಹುಡುಗಿ ಎರಡು ಬೆರಳು ಎತ್ತಿ ಏನೋ ಮಾಡಿದಳು. ಟೈಲರಮ್ಮ ಅವಳ ಬೆರಳು ಹಿಡಿದು ತಿದ್ದಿದರು. ಕ್ರೇನ್ ತಾತ ಬಲಗೈಯ ಬೆರಳು ಕೂಡಿಸಿ ಬಾಯಿಗೆ ತಂದು, ಹುಬ್ಬು ಮೇಲೆತ್ತಿ, ಊಟ ಆಯಿತೇ ಎಂದು ಕೇಳಿದರು. ಅದು ಬೀಡಿ ಸೇದುವ ಸನ್ನೆಯಂತೆ ಕಂಡಿತೇನೋ, ಟೈಲರಮ್ಮ ಅಂಗೈಯಲ್ಲಿ ಹೊಡೆಯುವ ಹಾಗೆ ಮಾಡಿ ಬಾಗಿ ಬಾಗಿ ನಕ್ಕರು. ತಾತ ಮತ್ತೆ ಮಾಡಿದರು. ಇನ್ನೊಬ್ಬರು ಮಾಡಿದರು. ನಾನು ಗೇಟಿನ ಹತ್ತಿರ ಚೀಲ ಹಿಡಿದುಕೊಂಡು, ಯಾರಾದರೂ ಕರೆಯುತ್ತಾರೆಂದು ಕಾಯುತ್ತ ನಿಂತಿದ್ದೆ. ಯಾರೂ ಕರೆಯಲಿಲ್ಲ. ಬಸ್ಸು ಹೋದದ್ದು ಕೇಳಿಸಿತು. ಮುಂದಿನ ಬಸ್ಸಿಗೆ ಮುಕ್ಕಾಲು ಗಂಟೆಯಿತ್ತು. ನಾನು ಅಲ್ಲೇ ಕಟ್ಟೆಯ ಮೇಲೆ ಕೂತು ನೋಡುತ್ತಿದ್ದೆ.